ಹನ್ನೆರಡು ಗಂಟೆಯ ಮತದಾರರು

ನಮ್ಮೂರಿಗೆ ಹೊಸಬರು ಯಾರಾದರೂ ಮತದಾನದ ದಿನವೇ ಬಂದಿಳಿದರೆ ಅವರಿಗೆ ಒಂದೇ ಒಂದು ಬುದ್ಧಿಮಾತು ಹೇಳುತ್ತೇವೆ. ಹನ್ನೆರಡು ಗಂಟೆ ಬಡಿದ ಮೇಲೆ ಬೀದಿಯ ನಡುವೆ ನಿಲ್ಲಬೇಡಿ, ಚಪ್ಪಲಿಗಳಿಗೆ ದಾರಿ ಬಿಡಿ. ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಮತಗಟ್ಟೆಗೆ ಬಾರದವರ ಚಪ್ಪಲಿಗಳು ಗಂಟೆ ಬಡಿದ ಕೂಡಲೇ ತಾವಾಗಿ ಹೊಸಿಲಿಳಿದು, ಒಡೆಯರ ಬದಲು ಮತ ಹಾಕಲು ಹೊರಡುತ್ತವೆ. ಹಿಂದಿನಿಂದಲೂ ಹೀಗೆಯೇ. ಮೂರು ನಾಲ್ಕು ಜೊತೆ ಇಟ್ಟುಕೊಂಡವರ ಮನೆಯಿಂದಲೂ ತಲೆಗೊಂದೇ ಜೊತೆ ಹೋಗುತ್ತದೆ, ಹೆಚ್ಚು ಸವೆದದ್ದು. ಹದಿನೆಂಟು ತುಂಬದವರ ಚಪ್ಪಲಿ ಅಲುಗುವುದಿಲ್ಲ. ಸತ್ತವರ ಚಪ್ಪಲಿಯನ್ನು ಹನ್ನೊಂದನೆಯ ದಿನದೊಳಗೆ ಹೊಳೆಗೆ ಬಿಡಬೇಕು. ಅಂಗಡಿ ಬೀದಿಯ ಒಂದು ಮನೆಯವರು ಅಜ್ಜನ ನೆನಪಿಗೆಂದು ಅವನ ಮೆಟ್ಟನ್ನು ಅಟ್ಟದಲ್ಲಿಟ್ಟುಕೊಂಡಿದ್ದರು. ಆ ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾದರೂ ತಪ್ಪದೆ ಮತ ಹಾಕುತ್ತಿದ್ದಾನೆಂದು ಪತ್ತೆಯಾದಾಗ ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆ ಸಂಜೆಯೇ ಮನೆಯವರು ಮೆಟ್ಟನ್ನು ಹೊಳೆಗೆ ಬಿಟ್ಟು ಬಂದರು.

ನನ್ನ ಹೆಸರು ಅಂಬುಜಾಕ್ಷಿ. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತೇನೆ, ಮತದಾನದ ದಿನ ಮತಗಟ್ಟೆಯಲ್ಲಿ ಶಾಯಿ ಹಚ್ಚುತ್ತೇನೆ. ಮನುಷ್ಯರು ಬಂದರೆ ಎಡಗೈ ತೋರುಬೆರಳಿಗೆ, ಚಪ್ಪಲಿ ಬಂದರೆ ಎಡಗಾಲಿನದರ ಉಂಗುಟಕ್ಕೆ. ಹದಿನಾರು ವರ್ಷ ಈ ಕೆಲಸ ಮಾಡಿ ನನಗೆ ಊರಿನವರ ಮುಖಕ್ಕಿಂತ ಅವರ ಮೆಟ್ಟಿನ ಗುರುತೇ ಹೆಚ್ಚು. ಮತಗಟ್ಟೆ ಇರುವುದು ಗುಡ್ಡದ ಮೇಲಿನ ಹಳೆಯ ಕಣಜದ ಕಟ್ಟಡದಲ್ಲಿ, ನೂರನಲವತ್ತಮೂರು ಮೆಟ್ಟಿಲು ಹತ್ತಿ ಹೋಗಬೇಕು. ಒಳಗೆ ಪರದೆಯ ಹಿಂದೆ ಒಂದು ಮರದ ಪೆಟ್ಟಿಗೆ, ಅದಕ್ಕೆ ಪಕ್ಕಪಕ್ಕದಲ್ಲಿ ಎರಡು ಸೀಳು. ಊರಿನ ಮುಂದಿರುವ ಪ್ರಶ್ನೆಗೆ ಹೌದು ಎನ್ನುವವರು ತಮಗೆ ಕೊಟ್ಟ ಬಿಲ್ಲೆಯನ್ನು ಬಲಗಡೆಯ ಸೀಳಿಗೆ ಹಾಕಬೇಕು, ಬೇಡ ಎನ್ನುವವರು ಎಡಗಡೆಯದಕ್ಕೆ. ಪೆಟ್ಟಿಗೆಯನ್ನು ನೆಲದ ಮೇಲೇ ಇಟ್ಟಿದ್ದೇವೆ, ಚಪ್ಪಲಿಗಳಿಗೆ ಎಟುಕಬೇಕಲ್ಲ. ಮನುಷ್ಯರು ಬಂದರೆ ಸೊಂಟ ಹಿಡಿದುಕೊಂಡು ಬಗ್ಗುತ್ತಾರೆ. ಅದಕ್ಕೆ ಯಾರೂ ತಕರಾರು ಎತ್ತಿದ್ದಿಲ್ಲ, ಬರುವವರೇ ಕಡಿಮೆ.

ಆದರೆ ಮತಗಳು ಕಡಿಮೆಯೇನಲ್ಲ. ಆರುನೂರ ಹನ್ನೆರಡು ಜನರ ಪಟ್ಟಿಯಲ್ಲಿ ಐನೂರ ತೊಂಬತ್ತಕ್ಕಿಂತ ಕಡಿಮೆ ಮತ ಎಂದೂ ಬಿದ್ದಿರಲಿಲ್ಲ. ಸುತ್ತಿನ ಊರುಗಳಲ್ಲಿ ಮತ ಹಾಕಿ, ಮತ ಹಾಕಿ ಎಂದು ತಮಟೆ ಬಡಿದು, ಬೀದಿ ನಾಟಕ ಆಡಿಸಿ, ಗಂಟಲು ಹರಿದುಕೊಂಡರೂ ಅರ್ಧ ಜನ ಬರುವುದಿಲ್ಲವಂತೆ. ನಮಗೆ ಮಾತ್ರ ಸತತ ಐದು ಸಲ ಹೆಚ್ಚು ಮತದಾನದ ಕಂಚಿನ ಫಲಕ ಬಂತು. ಫಲಕ ಕೊಡಲು ಬಂದಿದ್ದ ದೊಡ್ಡ ಅಧಿಕಾರಿ "ಈ ಊರಿನ ಪ್ರಜ್ಞಾವಂತ ಮತದಾರರು" ಎಂದು ಅರ್ಧ ಗಂಟೆ ಹೊಗಳಿದರು. ಆ ಪ್ರಜ್ಞಾವಂತರಲ್ಲಿ ಹೆಚ್ಚಿನವರು ಆಗ ಸಭಾಭವನದ ಬಾಗಿಲಾಚೆ ಜೊತೆಜೊತೆಯಾಗಿ ಬಿದ್ದಿದ್ದರು. ನಮಗೂ ಒಳಗೊಳಗೇ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ.

ಗುಡ್ಡದ ಮೇಲೆ, ಕಣಜದ ಗೋಡೆಗೆ ಅಂಟಿಕೊಂಡೇ ಊರಿನ ಆಸ್ಪತ್ರೆ. ಡಾಕ್ಟರು ಬಿಟ್ಟುಹೋಗಿ ಯಾವ ಕಾಲವಾಯಿತೋ, ಕಾಂಪೌಂಡರ್ ಇಸ್ಮಾಯಿಲ್ ಸಾಹೇಬರೇ ನಮಗೆ ಡಾಕ್ಟರು. ನೂರನಲವತ್ತಮೂರು ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಿರುವವರಿಗೆ ಔಷಧಿ ಯಾತಕ್ಕೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತಿದ್ದೆವು. ಆ ತಮಾಷೆಗೆ ನಗದಿದ್ದವಳು ಬೋಂಡದ ದ್ಯಾವೀರಮ್ಮ ಒಬ್ಬಳೇ.

ದ್ಯಾವೀರಮ್ಮನ ಬಾಣಲೆ ಇರುವುದು ಗುಡ್ಡದ ಬುಡದಲ್ಲಿ, ಬಸ್ಸು ನಿಲ್ಲುವ ಮೂಲೆಯಲ್ಲಿ. ಎಂಟು ವರ್ಷದ ಹಿಂದೆ ಅವಳ ಬಲಗಾಲಿಗೆ ಮೊಳೆ ಹೊಕ್ಕಿತು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ದಿನಾ ಬಂದು ಗಾಯ ಕಟ್ಟಿಸಿಕೊಂಡು ಹೋಗಬೇಕು ಎಂದರು ಇಸ್ಮಾಯಿಲ್ ಸಾಹೇಬರು. ಒಂಬತ್ತು ದಿನ ಕುಂಟಿಕೊಂಡು ಹತ್ತಿ ಇಳಿದಳು. ಹತ್ತನೆಯ ದಿನ ಮೂವತ್ತನೆಯ ಮೆಟ್ಟಿಲಿನಲ್ಲಿ ಕುಸಿದು ಕೂತವಳು ಅಲ್ಲಿಂದಲೇ ಹಿಂದಿರುಗಿದಳು. ತಿಂಗಳೊಳಗೆ ದೂರದ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಂದಿನಿಂದ ಅವಳಿಗೆ ಮತವೂ ಇಲ್ಲ. ತಾನಾಗಿ ಹತ್ತಿ ಬಂದು ಹಾಕಲು ಆಗುವುದಿಲ್ಲ, ಆ ದಿನ ಎತ್ತಿಕೊಂಡು ಬರುವವರೂ ಸಿಗುವುದಿಲ್ಲ. ಹನ್ನೆರಡಕ್ಕೆ ಅವಳ ಒಂಟಿ ಚಪ್ಪಲಿ ಕುಪ್ಪಳಿಸಿಕೊಂಡು ಬರುತ್ತದೆ, ಆದರೆ ಜೊತೆಗೆ ಮಾತ್ರ ಒಂದು ಮತ ಎಂಬುದು ನಿಯಮ. ನಮ್ಮ ಮತಗಟ್ಟೆಯ ಅಧಿಕಾರಿ ವಾಮನಮೂರ್ತಿಗಳು ನಿಯಮದ ಮನುಷ್ಯ, ಒಂಟಿ ಚಪ್ಪಲಿಯನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದರು. ಅದು ಮತ್ತೆ ಕುಪ್ಪಳಿಸಿಕೊಂಡು ಇಳಿಯುವುದನ್ನು ನಾನು ನೋಡುತ್ತಿರಲಿಲ್ಲ, ಶಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂರುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು.

ಆಸ್ಪತ್ರೆಯನ್ನು ಬಸ್ಸು ನಿಲ್ಲುವ ಮೂಲೆಗೆ ಇಳಿಸಬೇಕೇ ಎಂಬ ಪ್ರಶ್ನೆಯನ್ನು ಊರಿನ ಮುಂದೆ ಮೂರು ಸಲ ಇಟ್ಟದ್ದಾಗಿತ್ತು. ಮೂರು ಸಲವೂ ಬೇಡ ಎಂಬುದೇ ಗೆದ್ದಿತ್ತು, ಅದೂ ಐನೂರಕ್ಕೂ ಹೆಚ್ಚಿನ ಅಂತರದಲ್ಲಿ. ನನ್ನ ತಲೆ ಕೊರೆಯುತ್ತಿದ್ದದ್ದು ಇದೇ. ಯಾರನ್ನು ಮಾತಾಡಿಸಿದರೂ ಆಸ್ಪತ್ರೆ ಕೆಳಗೇ ಬರಬೇಕು ಎನ್ನುತ್ತಾರೆ. ಬಸುರಿಯರು ಎನ್ನುತ್ತಾರೆ, ಮಂಡಿನೋವಿನವರು ಎನ್ನುತ್ತಾರೆ, ಸ್ವತಃ ಇಸ್ಮಾಯಿಲ್ ಸಾಹೇಬರೂ ಎನ್ನುತ್ತಾರೆ. ಹಾಗಿದ್ದರೆ ಬೇಡ ಎಂದ ಆ ಐನೂರು ಜನ ಯಾರು?

ಒಂದು ಭಾನುವಾರ ಕುತೂಹಲ ತಡೆಯಲಾರದೆ ಮತಗಟ್ಟೆಯ ಹಳೆಯ ಪುಸ್ತಕ ತೆಗೆದು ಕೂತೆ. ಅದರಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡವರು ಎಷ್ಟು, ಉಂಗುಟಕ್ಕೆ ಹಚ್ಚಿಸಿಕೊಂಡವು ಎಷ್ಟು ಎಂದು ನಾನೇ ಬರೆದಿದ್ದೆ. ಮೊದಲ ಸಲ ತಾವೇ ಬಂದವರು ಐವತ್ತೆರಡು ಜನ, ಹೌದು ಎಂದು ಬಿದ್ದ ಬಿಲ್ಲೆ ಐವತ್ತೊಂದು. ಎರಡನೆಯ ಸಲ ಬಂದವರು ನಲವತ್ತು, ಹೌದು ನಲವತ್ತು. ಮೂರನೆಯ ಸಲ ಬಂದವರು ಮೂವತ್ತೇಳು, ಹೌದು ಮೂವತ್ತೆಂಟು. ಹದಿನಾರು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಇದು ಕಣ್ಣಿಗೆ ಬೀಳಲು ಇಷ್ಟು ಕಾಲ ಬೇಕಾಯಿತೇ ಎಂದು ಹಣೆ ಚಚ್ಚಿಕೊಂಡೆ. ಮನುಷ್ಯರು ಹೌದು ಎನ್ನುತ್ತಿದ್ದರು, ಚಪ್ಪಲಿಗಳು ಬೇಡ ಎನ್ನುತ್ತಿದ್ದವು. ಉಳಿದದ್ದು ಆ ಹೆಚ್ಚಿನ ಒಂದು ಬಿಲ್ಲೆ. ಆ ವರ್ಷ ಪಟ್ಟಿಗೆ ಹೊಸದಾಗಿ ಸೇರಿದವನು ಬಸ್ ಕಂಡಕ್ಟರ್ ಒಬ್ಬನೇ. ಅವನ ಚಪ್ಪಲಿಗೆ ಗೊತ್ತಿದ್ದದ್ದು ಬಸ್ಸು, ಬಿಟ್ಟರೆ ಬಸ್ಸು ನಿಲ್ಲುವ ಮೂಲೆ. ಗುಡ್ಡದ ಮೇಲೆ ಅದು ಕಾಲಿಟ್ಟದ್ದೇ ಆ ದಿನ. ಉಳಿದವರ ಚಪ್ಪಲಿಗಳೆಲ್ಲ ಆಸ್ಪತ್ರೆಗೆಂದರೆ ಗುಡ್ಡ ಹತ್ತಿಯೇ ಸವೆದವು. ಅವು ತಮಗೆ ಗೊತ್ತಿದ್ದ ದಾರಿಗೆ ಮತ ಹಾಕುತ್ತಿದ್ದವು.

ಓಡಿಹೋಗಿ ದ್ಯಾವೀರಮ್ಮನಿಗೆ ಹೇಳಿದೆ. "ದ್ಯಾವೀರಮ್ಮ, ಊರಿನವರು ಯಾರೂ ಬೇಡ ಅಂದಿಲ್ಲ. ಅವರ ಚಪ್ಪಲಿ ಬೇಡ ಅಂದಿರೋದು."

ಅವಳು ಬೋಂಡ ತಿರುವಿ ಹಾಕುತ್ತ, "ಅಂಗಾರೆ ಊರಿನೋರು ಎಲ್ಲೋಗಿದ್ರು ಮೇಡಮ್ಮೋರೆ?" ಎಂದಳು.

ಅವಳು ಜಾಲರಿ ಪಕ್ಕಕ್ಕಿಟ್ಟು, ಸೀರೆ ಅಂಚು ಸರಿಸಿ ತನ್ನ ಎಡಗಾಲು ತೋರಿಸಿದಳು. ಹಿಮ್ಮಡಿಯ ಹತ್ತಿರ ರೂಪಾಯಿಯಗಲದ ಗಾಯ, ಸುತ್ತ ಕಪ್ಪಾಗಿತ್ತು. "ಎರಡು ತಿಂಗಳಾತು. ಎತ್ಕೊಂಡೋಗೋರು ಸಿಕ್ಕಿದ ದಿನ ಮೇಕ್ಕೋಗಿ ಕಟ್ಟಿಸ್ಕಂಡ್ ಬತ್ತೀನಿ, ವಾರಕ್ಕೊಂದ್ಸಲ. ದಿನಾ ಕಟ್ಟಿಸದಿದ್ರೆ ಇದೂ ಓಯ್ತದೆ ಅಂದವ್ರೆ ಡಾಕ್ಟ್ರು. ಒಂದು ಕಾಲ್ನಾಗೆ ಬಾಳ್ವೆ ಮಾಡ್ದೆ, ಎರಡೂ ಓದ್ರೆ ಈ ಬಾಣಲೆ ಮುಂದೆ ಯಾರ್ ಕೂರ್ತಾರೆ?" ಎಂದಳು. ಅಳಲಿಲ್ಲ. ಅಳಬೇಕೆನಿಸಿದ್ದು ನನಗೆ.

ಪ್ರಶ್ನೆಯನ್ನು ನಾಲ್ಕನೆಯ ಸಲ ಊರಿನ ಮುಂದಿಡಲು ನೂರು ಸಹಿ ಬೇಕಿತ್ತು. ದ್ಯಾವೀರಮ್ಮ ಬೋಂಡದ ತಟ್ಟೆಯ ಜೊತೆಗೇ ಕಾಗದ ಮುಂದೆ ಚಾಚಿ ಎರಡೇ ದಿನಕ್ಕೆ ನೂರೆಪ್ಪತ್ತು ಸಹಿ ಹಾಕಿಸಿದಳು. ಸಹಿ ಹಾಕಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ಈ ಸಲ ಚಪ್ಪಲಿಗೆ ಬಿಡಬೇಡಿ, ನೀವೇ ಬನ್ನಿ. ಎಲ್ಲರೂ ತಲೆಯಾಡಿಸಿದರು, ಆಮೇಲೆ ಒಬ್ಬೊಬ್ಬರದೂ ಒಂದೊಂದು ನೆಪ. ಬಿಸಿಲು. ಮಂಡಿ. ಮನೆಗೆ ಬೀಗರು ಬರುತ್ತಾರೆ. "ನನ್ನ ಚಪ್ಪಲಿ ನನ್ನ ಮಾತು ಮೀರತ್ತಾ ಟೀಚರ್?" ಎಂದು ಒಬ್ಬರು ನನ್ನನ್ನೇ ಕೇಳಿದರು. ನಾನು ಪುಸ್ತಕ ತೆರೆದು ಲೆಕ್ಕ ತೋರಿಸಿದೆ. ಲೆಕ್ಕ ಒಪ್ಪಿದರು, ಹತ್ತುವುದನ್ನು ಮಾತ್ರ ಒಪ್ಪಲಿಲ್ಲ.

ಆಗ ಮುಂದೆ ಬಂದವರು ಹಿಟ್ಟಿನ ಗಿರಣಿಯ ಗವಿರಂಗಪ್ಪನವರು. ಊರಿನಲ್ಲಿ ಯಾವ ಸಮಸ್ಯೆ ಎದ್ದರೂ ಅವರ ಹತ್ತಿರ ಒಂದು ಉಪಾಯ ಬಿಸಿಬಿಸಿಯಾಗಿ ಇರುತ್ತದೆ, ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಅವರ ಮಾತೂ ದೊಡ್ಡದು. "ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ? ಕಂಡಕ್ಟರ್ ಚಪ್ಪಲಿ ಬಸ್‌ಸ್ಟ್ಯಾಂಡಿಗೆ ಓಡಾಡಿ ಕಲ್ತಿದೆ ತಾನೆ? ನಮ್ಮವಕ್ಕೂ ಕಲಿಸೋಣ. ಇನ್ನೊಂದು ತಿಂಗಳಿದೆ. ದಿನಾ ಸಾಯಂಕಾಲ ಎಲ್ರೂ ಮೆಟ್ಕೊಂಡು ಆ ಮೂಲೆಗೆ ಹೋಗೋದು, ಇದೇ ನೋಡು ಆಸ್ಪತ್ರೆ ಅಂತ ಹೇಳೋದು, ವಾಪಸ್ ಬರೋದು. ತಿಂಗಳಿಗೆ ಅವಕ್ಕೆ ಬಾಯಿಪಾಠ ಆಗತ್ತೆ" ಎಂದರು. ಊರು ಭಲೇ ಎಂದಿತು. ಹಾಳಾದ್ದು, ನಾನೂ ಭಲೇ ಎಂದೆ. ಹಟ ಹಿಡಿದು ಮನುಷ್ಯರನ್ನು ಹತ್ತಿಸುವುದಕ್ಕಿಂತ ಚಪ್ಪಲಿಗೆ ಕಲಿಸುವುದು ಸುಲಭ ಎಂದು ನನಗೂ ಅನ್ನಿಸಿಬಿಟ್ಟಿತ್ತು.

ಆ ಒಂದು ತಿಂಗಳು ನೋಡಬೇಕಿತ್ತು ನಮ್ಮೂರನ್ನು. ಐದು ಗಂಟೆಯಾದರೆ ಬೀದಿ ತುಂಬ ಜನ. ಮಂಡಿನೋವಿನವರು ಕೋಲೂರಿಕೊಂಡು ಬಂದರು, ಬೀಗರನ್ನೂ ಕರೆದುಕೊಂಡು ಬಂದರು. ಮೂಲೆಯ ಖಾಲಿ ಜಾಗದಲ್ಲಿ ಗವಿರಂಗಪ್ಪನವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಇದು ಬಾಗಿಲು, ಇದು ಔಷಧಿ ಕೊಡುವ ಕಿಟಕಿ ಎಂದು ಗುರುತು ಮಾಡಿದ್ದರು. ಜನ ಆ ಬಾಗಿಲಲ್ಲಿ ಒಳಗೆ ಹೋಗಿ, ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಕೆಲವರು ಅಭ್ಯಾಸಬಲದಿಂದ ಕೆಮ್ಮಿಯೂ ತೋರಿಸಿ ಹೊರಗೆ ಬರುತ್ತಿದ್ದರು. ಕತ್ತಲಾಗುವವರೆಗೆ ಹರಟೆ. ದ್ಯಾವೀರಮ್ಮನ ಬಾಣಲೆಗೆ ಬಿಡುವೇ ಇಲ್ಲ. "ಒಂದಿನ ಮೇಕ್ಕೆ ಹತ್ತಕ್ಕಾಗಲ್ಲ ಅನ್ನೋರು ತಿಂಗಳುಗಟ್ಲೆ ನಡೀತಾವ್ರಲ್ಲ ಮೇಡಮ್ಮೋರೆ" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಅವಳ ಹಿಮ್ಮಡಿಗೆ ಸುತ್ತಿದ್ದ ಬಟ್ಟೆ ಒದ್ದೆಯಾಗಿತ್ತು.

ಮತದಾನದ ದಿನ ಬೆಳಗ್ಗೆ ಏಳೂವರೆಗೇ ನಾನು, ವಾಮನಮೂರ್ತಿಗಳು ಮೇಲೆ ಹೋಗಿ ಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿ ಕೂತೆವು. ಯಾರೂ ಬರದೆ ಎಂಟೂವರೆಯಾಯಿತು. ಮೊದಲು ಬಂದ ಅಂಚೆಯವನು ಬೆರಳು ಚಾಚುತ್ತ, "ದ್ಯಾವೀರಮ್ಮ ಹತ್ತುತಾ ಅವಳೆ ಟೀಚರ್. ಕೂತ್ಕಂಡು, ಕೈ ಊರ್ಕೊಂಡು, ಒಂದೊಂದೇ ಮೆಟ್ಲು ಹಿಂದಕ್ಕೆ ಜರುಗ್ತಾಳೆ. ಎತ್ಕೊಂಡ್ ಬತ್ತೀನಿ ಬಾ ಅಂದ್ರೆ ಬೈದು ಕಳಿಸಿದ್ಲು" ಎಂದ.

"ಏನಂತ ಬೈದಳು?"

"ಎತ್ಕಂಡೋದ್ರೆ ಮೆಟ್ಲು ಐತೆ ಅನ್ನೋದೇ ನಿಮಗೆ ಮರ್ತೋಯ್ತದೆ, ನೋಡ್ಕಂಡೋಗಿ ಅಂದ್ಲು."

ಕಿಟಕಿಗೆ ಹೋಗಿ ಬಗ್ಗಿ ನೋಡಿದೆ. ಬುಡದಿಂದ ಹತ್ತಿಪ್ಪತ್ತು ಮೆಟ್ಟಿಲು ಮೇಲೆ ಒಂದು ಕೆಂಪು ಸೀರೆ. ನಮ್ಮ ಕಡೆ ಬೆನ್ನು, ಊರಿನ ಕಡೆ ಮುಖ. ಎರಡೂ ಅಂಗೈ ಹಿಂದಿನ ಮೆಟ್ಟಿಲಿಗೆ ಊರಿ, ಗಾಯದ ಕಾಲನ್ನೇ ಒತ್ತಿ, ಮೈಯನ್ನು ಎತ್ತಿ ಹಿಂದಕ್ಕೆ ಕೂರುವಳು. ಸುಧಾರಿಸಿಕೊಂಡು ಮತ್ತೆ ಇನ್ನೊಂದು. ಅವಳ ಚಪ್ಪಲಿಗೆ ಮತವಿಲ್ಲ, ಹಾಗಾಗಿ ಅವಳೇ ಬರುತ್ತಿದ್ದಳು.

ಹನ್ನೆರಡರವರೆಗೆ ನಲವತ್ತನಾಲ್ಕು ಜನ ಬಂದು ಹೋದರು. ಗಂಟೆ ಬಡಿಯಿತು. ನಾನು ಶಾಯಿಯ ಕಡ್ಡಿ ಹಿಡಿದು ನೆಲದ ಮೇಲೆ ಕೂತೆ. ಪ್ರತಿ ಸಲ ಈ ಹೊತ್ತಿಗೆ ಮೆಟ್ಟಿಲ ಮೇಲೆ ಪಟಪಟ ಎಂಬ ಸದ್ದು ಏಳುತ್ತದೆ, ಐದು ನಿಮಿಷಕ್ಕೆ ಬಾಗಿಲು ತುಂಬಿಬಿಡುತ್ತದೆ. ಐದು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಒಂದು ಹವಾಯಿ ಚಪ್ಪಲಿಯೂ ಬರಲಿಲ್ಲ. ವಾಮನಮೂರ್ತಿಗಳು ಗಡಿಯಾರಕ್ಕೆ ಕೀಲಿ ಕೊಟ್ಟು ಕಿವಿಗೆ ಹಿಡಿದು ನೋಡಿದರು. ನಾನು ಕಿಟಕಿಗೆ ಹೋದೆ.

ಚಪ್ಪಲಿಗಳು ಹೊರಟದ್ದು ಹೌದು. ಬೀದಿ ಬೀದಿಗಳಿಂದ ಸಾಲುಗಟ್ಟಿ ಬಂದು, ಗುಡ್ಡದ ಬುಡದಲ್ಲಿ ಮೆಟ್ಟಿಲ ಕಡೆ ತಿರುಗದೆ, ನೆಟ್ಟಗೆ ಬಸ್ಸು ನಿಲ್ಲುವ ಮೂಲೆಗೆ ಹೋಗಿದ್ದವು. ಸುಣ್ಣದ ಗೆರೆಯ ಬಾಗಿಲಲ್ಲಿ ಒಳಗೆ ಹೋಗಿ, ಸುಣ್ಣದ ಕಿಟಕಿಯ ಮುಂದೆ ಜೊತೆಜೊತೆಯಾಗಿ, ತುಂಬ ಶಿಸ್ತಿನಿಂದ ಕಾಯುತ್ತ ನಿಂತಿದ್ದವು. ನಾವು ಕಲಿಸಿದ್ದನ್ನು ಅಕ್ಷರಶಃ ಕಲಿತಿದ್ದವು. ಆಸ್ಪತ್ರೆಗೆ ಹೋಗುವುದನ್ನು ಕಲಿಸಿದ್ದೆವು, ಮತ ಹಾಕುವುದನ್ನು ಯಾರು ಕಲಿಸಿದ್ದರು?

ಪಟ್ಟಿಯ ಅರ್ಧಕ್ಕಿಂತ ಕಡಿಮೆ ಮತ ಬಿದ್ದರೆ ಆ ಪ್ರಶ್ನೆಯನ್ನು ಏಳು ವರ್ಷ ಮತ್ತೆ ಎತ್ತುವಂತಿಲ್ಲ. ಅರ್ಧವೆಂದರೆ ಮುನ್ನೂರ ಆರು. ನಮ್ಮ ಹತ್ತಿರ ಇದ್ದದ್ದು ನಲವತ್ತನಾಲ್ಕು. ಮತಗಟ್ಟೆ ಮುಚ್ಚುವುದು ಐದಕ್ಕೆ, ಅಲ್ಲಿಯವರೆಗೆ ಚಪ್ಪಲಿ ಮತ ಹಾಕಿರದವರು ತಾವೇ ಬಂದು ಹಾಕಬಹುದಿತ್ತು, ಬಂದರೆ. ಆ ಹಿಮ್ಮಡಿಗೆ ಏಳು ವರ್ಷವಿರಲಿ, ಏಳು ವಾರವೂ ಇಲ್ಲವೆಂದು ನನಗೆ ಗೊತ್ತಿತ್ತು.

ಊರಿನವರು ಎಂದಿನಂತೆ ಉಂಡು ಮಲಗಿದ್ದರು. ಎರಡು ಗಂಟೆಗೆ ವಾಪಸಾಗಬೇಕಿದ್ದ ಚಪ್ಪಲಿ ಎರಡೂವರೆಯಾದರೂ ಬಾರದಿದ್ದಾಗ ಒಬ್ಬೊಬ್ಬರೇ ಬರಿಗಾಲಲ್ಲಿ ಹುಡುಕಿಕೊಂಡು ಹೊರಟರು. ಮೂರಕ್ಕೆ ಮೂಲೆಯಲ್ಲಿ ಜಾತ್ರೆಯಷ್ಟು ಜನ. "ಎಷ್ಟು ಚೆನ್ನಾಗಿ ಕಲ್ತಿವೆ ನೋಡ್ರಯ್ಯ!" ಎಂದು ಗವಿರಂಗಪ್ಪನವರು ಹಿಗ್ಗಿ ಕೂಗಿದ್ದು ನನಗೆ ಮೇಲಕ್ಕೂ ಕೇಳಿಸಿತು. ಪಕ್ಕದಲ್ಲಿದ್ದವರು ಯಾರೋ ಅವರಿಗೆ ಏನನ್ನೋ ಹೇಳಿದರು. ಅವರು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟರು. ಆಗ ಊರೆಲ್ಲ ಕತ್ತೆತ್ತಿ ಗುಡ್ಡದ ಕಡೆ ನೋಡಿತು. ದ್ಯಾವೀರಮ್ಮ ತೊಂಬತ್ತೇಳನೆಯ ಮೆಟ್ಟಿಲಲ್ಲಿ ಕೂತಿದ್ದಳು. ಅಲ್ಲಿಂದ ಅವಳು ಹಿಂದಕ್ಕೆ ಜರುಗಲಿಲ್ಲ. ಜರುಗಲು ಎರಡು ಸಲ ಕೈ ಊರಿದಳು, ಆಗಲಿಲ್ಲ. ಅವಳ ಕೆಳಗಿನ ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕೆಂಪು ಗುರುತು.

"ಸಾರ್, ಪೆಟ್ಟಿಗೇನ ಅವಳ ಹತ್ರ ತಗೊಂಡು ಹೋಗೋಣ" ಎಂದೆ.

ವಾಮನಮೂರ್ತಿಗಳು ಬೆಚ್ಚಿಬಿದ್ದರು. "ಏನಮ್ಮ ನೀನು ಹೇಳೋದು? ಪೆಟ್ಟಿಗೆ ಇಲ್ಲೇ ಇರಬೇಕು. ನಿಯಮ."

"ಯಾವ ನಿಯಮ ತೋರಿಸಿ."

"ತೋರಿಸ್ತೀನಿ, ಅದಕ್ಕೇನು" ಎಂದು ಕನ್ನಡಕ ಏರಿಸಿ ನಿಯಮಗಳ ಪುಸ್ತಕ ತೆಗೆದರು. ಅದು ಅರವತ್ತು ಪುಟದ್ದು. ಬೆರಳಿಟ್ಟುಕೊಂಡು ಸಾಲು ಸಾಲು ಓದಿದರು. ಪೆಟ್ಟಿಗೆ ನೆಲದ ಮಟ್ಟದಲ್ಲಿರತಕ್ಕದ್ದು ಎಂದಿತ್ತು. ಪೆಟ್ಟಿಗೆ ಸದಾ ಅಧಿಕಾರಿಯ ಕಣ್ಣೆದುರು ಇರತಕ್ಕದ್ದು, ಶಾಯಿ ಪೆಟ್ಟಿಗೆಯ ಜೊತೆಗಿರತಕ್ಕದ್ದು ಎಂದಿತ್ತು. ಕೊನೆಯ ಪುಟ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ನಾನು ಗಡಿಯಾರ ನೋಡುತ್ತ ಒದ್ದಾಡುತ್ತಿದ್ದೆ. ಕಡೆಗೆ ಪುಸ್ತಕ ಮುಚ್ಚಿ, ಕನ್ನಡಕ ಕಳಚಿ, ಅಚ್ಚರಿಯಿಂದ ನನ್ನ ಮುಖ ನೋಡಿದರು. "ಎಲ್ಲೂ 'ಗುಡ್ಡದ ಮೇಲೆ' ಅಂತ ಬರೆದೇ ಇಲ್ಲವಲ್ಲಮ್ಮ. ಇಪ್ಪತ್ತೊಂಬತ್ತು ವರ್ಷದಿಂದ ನಾನು ಹತ್ತಿ ಬರ್ತಾ ಇದೀನಿ, ಯಾಕೆ?" ಎಂದರು.

ಯಾಕೆಂದು ನನಗೆ ಗೊತ್ತಿತ್ತು, ಚಪ್ಪಲಿಗಳ ಲೆಕ್ಕ ನೋಡಿದವಳಲ್ಲವೇ, ಆದರೆ ಹಿರಿಯರಿಗೆ ಹೇಳುವ ಮಾತಲ್ಲ. ಅವರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟರು. ಶಾಯಿ, ಪಟ್ಟಿ, ಬಿಲ್ಲೆಗಳ ಚೀಲ ಹಿಡಿದು ನಾನು ಹಿಂದೆ. ಸದ್ದು ಕೇಳಿ ಆಸ್ಪತ್ರೆಯಿಂದ ಇಸ್ಮಾಯಿಲ್ ಸಾಹೇಬರೂ ಇದೇನಿದು ಎಂದು ಹಿಂಬಾಲಿಸಿದರು. ನಲವತ್ತಾರು ಮೆಟ್ಟಿಲು ಇಳಿದು ದ್ಯಾವೀರಮ್ಮನ ಪಕ್ಕದಲ್ಲಿ ಪೆಟ್ಟಿಗೆ ಇಟ್ಟೆವು.

ಅವಳು ಪೆಟ್ಟಿಗೆಯನ್ನೇ ದಿಟ್ಟಿಸಿ ನೋಡಿದಳು. "ಇದು ಇಷ್ಟೇಯಾ? ಕಾಲಿದ್ದಾಗ ನಾನೂ ಚಪ್ಪಲೀನೇ ಕಳಿಸ್ತಿದ್ದೆ, ಎಷ್ಟೋ ದೊಡ್ಡದು ಇರಬೇಕು ಅಂದ್ಕಂಡಿದ್ದೆ" ಎಂದಳು. ಅವಳ ಬೆರಳಿಗೆ ಶಾಯಿ ಹಚ್ಚುವಾಗ ಅರ್ಧ ಬೆರಳಿಗೇ ಬಳಿದುಬಿಟ್ಟೆ. ಪರದೆ ಗುಡ್ಡದ ಮೇಲೆಯೇ ಉಳಿದಿತ್ತು. ದ್ಯಾವೀರಮ್ಮ ಸೆರಗನ್ನು ತಲೆಯ ಮೇಲಿಂದ ಪೆಟ್ಟಿಗೆಯವರೆಗೆ ಎಳೆದುಕೊಂಡಳು. ಒಳಗೆ ಬಿಲ್ಲೆ ಬಿದ್ದ ಟಕ್ ಎಂಬ ಸದ್ದು ಕೇಳಿಸಿತು. ಸೆರಗು ಸರಿಸಿದಾಗ ಅವಳ ಮುಖದಲ್ಲಿ ಬೆವರೋ ಕಣ್ಣೀರೋ, ಎರಡೂ ಇತ್ತೆಂದು ಕಾಣುತ್ತದೆ.

"ನಾವು ಅಲ್ಲಿಗೇ ಬರಬಹುದಾ?" ಕೆಳಗಿನಿಂದ ಗವಿರಂಗಪ್ಪನವರ ಗಿರಣಿ ಗಂಟಲು.

"ಬನ್ನಿ! ಐದರೊಳಗೆ ಬನ್ನಿ!" ವಾಮನಮೂರ್ತಿಗಳು ಜೀವಮಾನದಲ್ಲಿ ಮೊದಲ ಸಲ ಅಷ್ಟು ಜೋರಾಗಿ ಕೂಗಿದರು.

ಚಪ್ಪಲಿ ಮೆಟ್ಟಿಕೊಳ್ಳಲು ನೋಡಿದವರ ಕಾಲು ಮೆಟ್ಟಿಲ ಕಡೆಗೆ ತಿರುಗಲೇ ಇಲ್ಲ, ಚಪ್ಪಲಿಗಳು ಕಿಟಕಿ ತೆರೆಯುವವರೆಗೆ ಕಾಯುವ ಹಟದಲ್ಲಿದ್ದವು. ಬಿಟ್ಟೇ ಬರಬೇಕಾಯಿತು. ಬೇಸಿಗೆಯ ಬಿಸಿಲಿಗೆ ಕಾದ ಕಲ್ಲು. ಊರಿನ ಜನ ಆಯ್ ಅಪ್ಪ, ಅಮ್ಮಾ ಎಂದು ಕುಣಿಯುತ್ತ, ನೆರಳಿದ್ದ ಅಂಚಿನಲ್ಲಿ ಓಡುತ್ತ, ಟವೆಲು ಹಾಸಿ ಅದರ ಮೇಲೆ ಕಾಲಿಡುತ್ತ ಹತ್ತಿದರು. ಎಷ್ಟೋ ಜನಕ್ಕೆ ಆ ಮೆಟ್ಟಿಲು ಎಷ್ಟು ಕಡಿದಾಗಿದೆಯೆಂದು ಅಂಗಾಲಿಗೆ ಗೊತ್ತಾದದ್ದು ಅಂದೇ. ಮತ ಹಾಕುವಾಗ ಗಂಡಸರು ಟವೆಲು ಮುಸುಕು ಹಾಕಿಕೊಂಡರು, ಹೆಂಗಸರು ಸೆರಗು. ಸುಮಾರು ಜನ ಬಂದ ಮೇಲೆ ವಾಮನಮೂರ್ತಿಗಳು ಕೆಳಗೆ ನೋಡಿ, ಕೋಲಿನವರು ಹತ್ತಲಾರದೆ ನಿಂತಿದ್ದಾರೆಂದು ಪೆಟ್ಟಿಗೆಯನ್ನು ಎತ್ತಿಕೊಂಡು ಹತ್ತು ಮೆಟ್ಟಿಲು ಇಳಿದರು. ಸ್ವಲ್ಪ ಹೊತ್ತಿಗೆ ಇನ್ನೂ ಇಪ್ಪತ್ತು. ಒಮ್ಮೆ ಇಳಿಯಲು ಶುರುಮಾಡಿದ ಆ ಮನುಷ್ಯನನ್ನು ತಡೆಯುವುದೇ ಕಷ್ಟವಾಯಿತು.

ಅಷ್ಟರಲ್ಲಿ ಇಸ್ಮಾಯಿಲ್ ಸಾಹೇಬರು ದ್ಯಾವೀರಮ್ಮನ ಕಾಲಿನ ಬಟ್ಟೆ ಬಿಚ್ಚಿ ನೋಡಿ, ಉಸಿರೆಳೆದುಕೊಂಡು, ಮೇಲಕ್ಕೆ ಓಡಿದ್ದರು. ಔಷಧಿಯ ಡಬ್ಬ, ಹತ್ತಿ, ಪಟ್ಟಿಬಟ್ಟೆ ಹೊತ್ತು ತಂದು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತು ಗಾಯ ತೊಳೆಯತೊಡಗಿದರು. ನಾನು ಬಿಲ್ಲೆಗಳ ಇನ್ನೊಂದು ಚೀಲ ತರಲು ಹತ್ತುತ್ತಿದ್ದವಳು ಅಲ್ಲಿ ನಿಂತೆ.

"ಈ ಡಬ್ಬ ಒತ್ಕಂಡು ನೀವು ಕೆಳಿಕ್ಕೆ ಬರಬೌದು ಅಂತ ಇಷ್ಟು ವರ್ಷ ಒಳೀಲೇ ಇಲ್ವಾ ಡಾಕ್ಟ್ರೆ?" ಎಂದು ದ್ಯಾವೀರಮ್ಮ ಕೇಳಿದಳು. ಕೋಪದಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಇಸ್ಮಾಯಿಲ್ ಸಾಹೇಬರ ಕೈ ನಿಂತಿತು. "ಯಾರೂ ಕೇಳಲಿಲ್ವಲ್ಲಮ್ಮ" ಎಂದರು.

"ಕೇಳಾಕೆ ಮೇಕ್ಕೆ ಬರಬೇಕಿತ್ತಲ್ಲ."

ಅವರು ತಲೆ ಬಗ್ಗಿಸಿಕೊಂಡು ಬಹಳ ಹೊತ್ತು, ಬಹಳ ಹುಷಾರಾಗಿ ಪಟ್ಟಿ ಸುತ್ತಿದರು.

ಐದು ಹೊಡೆಯುವಾಗ ಪೆಟ್ಟಿಗೆ ನೆಲ ಮುಟ್ಟಿತ್ತು. ಸುಣ್ಣದ ಗೆರೆಯ ಒಳಗೆ, ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ಮುದ್ರೆ ಒಡೆದು ಎಣಿಸಿದೆವು. ಒಟ್ಟು ಮುನ್ನೂರ ಮೂವತ್ತೊಂದು. ಎಂದಿನ ಲೆಕ್ಕದಲ್ಲಿ ಇದು ಹೆಚ್ಚುಕಮ್ಮಿ ಅರ್ಧಕ್ಕೆ ಅರ್ಧ ಇಳಿದಂತೆ, ಆ ವರ್ಷ ನಮಗೆ ಫಲಕ ಬರಲಿಲ್ಲ. ಬೇಡ ಎಂದವರು ಹನ್ನೆರಡು. ಹೌದು ಎಂದವರು ಮುನ್ನೂರ ಹತ್ತೊಂಬತ್ತು. ವಾಮನಮೂರ್ತಿಗಳು ಅಂಕಿ ಓದಿದಾಗ ಗವಿರಂಗಪ್ಪನವರು ಬೊಬ್ಬೆ ಎದ್ದ ಅಂಗಾಲನ್ನು ಹಿಡಿದುಕೊಂಡೇ ಒಂಟಿಕಾಲಲ್ಲಿ ಕುಣಿದರು. ನಾನು ಅತ್ತೆ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ದ್ಯಾವೀರಮ್ಮ ಆ ಹೊತ್ತಿಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರಿಕೊಂಡು ತಾನೇ ಕೆಳಗೆ ಬಂದು ತಲುಪಿದ್ದಳು. ಫಲಿತಾಂಶ ಕೇಳಿ ಹೌದಾ ಎಂದಳು ಅಷ್ಟೆ. ಜನ ಅವಳ ಸುತ್ತ ಸೇರಿ ಕಟ್ಟಡಕ್ಕೆ ಕಲ್ಲು ಯಾರದು, ತೊಲೆ ಯಾರದು, ಮಳೆಗಾಲಕ್ಕೆ ಮುಂಚೆ ಆದೀತೇ ಎಂದು ಆಗಲೇ ಜಗಳ ಹತ್ತಿದ್ದರು. ಅವಳು ಅದಕ್ಕೆಲ್ಲ ಕಿವಿಗೊಡದೆ, ಡಬ್ಬ ಎತ್ತಿಕೊಂಡು ಮೇಲಕ್ಕೆ ಹೊರಟಿದ್ದ ಇಸ್ಮಾಯಿಲ್ ಸಾಹೇಬರ ಜುಬ್ಬ ಹಿಡಿದು ಜಗ್ಗಿದಳು.

"ನಾಳೀಕೆ ಪಟ್ಟಿ ಯಾರ್ ಬಿಚ್ತಾರೆ?"

ಸಾಹೇಬರು ಗುಡ್ಡದ ಕಡೆ ಒಮ್ಮೆ ನೋಡಿದರು, ಕೈಯಲ್ಲಿದ್ದ ಡಬ್ಬದ ಕಡೆ ಒಮ್ಮೆ ನೋಡಿದರು. "ನಾನೇ ಬರ್ತೀನಮ್ಮ. ಇಲ್ಲಿಗೇ. ಬೆಳಗ್ಗೆ ಎಂಟಕ್ಕೆ."

"ಎಂಟಕ್ಕೆ ನಂಗೆ ಯಾಪಾರ ಸುರುವಾಯ್ತದೆ" ಎಂದಳು ದ್ಯಾವೀರಮ್ಮ, ಶಾಯಿ ಬಳಿದ ಬೆರಳೆತ್ತಿ. "ಏಳಕ್ಕೆ ಬನ್ನಿ."